ಪಟೇಲರ ಹೊಲ ಮೊದಲು ಹಸಿರಾದದ್ದು

ಪಟೇಲ ಮರಿಗೌಡರು ಎಲ್ಲದರಲ್ಲೂ ಊರಿಗೇ ಮೊದಲಿಗರಾಗಬೇಕು. ಮುಂಗಾರು ಬಿದ್ದದ್ದೇ ತಡ, ಆಳು ಜವರನನ್ನು ಕರೆದು ಹೇಳಿದರು: “ಈ ಸಲ ಎಲ್ಲರಿಗಿಂತ ಮೊದಲು ನನ್ನ ರಾಗಿ ಹೊಲ ಹಸಿರಾಗಬೇಕು. ಇಲ್ಲದಿದ್ರೆ ನೀನು ಬೇರೆ ಮನೆ ನೋಡಿಕೋ.”

“ಹಸಿರಾಗ್ತದೆ ಬುದ್ಧಿ,” ಅಂದ ಜವರ.

ಹೊಲ ಉತ್ತ. ಹೆಂಟೆ ಒಡೆದು ಮಣ್ಣು ಹದ ಮಾಡಿದ. ಎತ್ತು ಬಿಚ್ಚಿಕೊಂಡು ಮನೆಗೆ ಹೋದ.

ಇನ್ನೊಂದು ಮಳೆ ಬಿತ್ತು ನೋಡಿ, ಹೊಲವೆಲ್ಲ ಹಸಿರೋ ಹಸಿರು. ಗೌಡರು ಬೀಗರನ್ನು ಕರೆತಂದು, ಅಂದು ಬೆಳಗ್ಗೆ ಜವರ ಬದುವಿಗೆ ತಂದಿಟ್ಟಿದ್ದ ಮೂಟೆಯ ಮೇಲೆ ಕೂತು ಮೀಸೆ ತಿರುವಿದರು. “ಊರಲ್ಲಿ ಯಾರ ಪೈರಾದ್ರೂ ಹೀಗೆ ಬಂದಿದೆಯಾ, ಹೇಳಿ.”

ಅಷ್ಟರಲ್ಲಿ ಜವರ ಎತ್ತು ಹೂಡಿಕೊಂಡು ಬಂದವನೇ ಆ ಹಸಿರಿನ ಮೇಲೆಯೇ ಕುಂಟೆ ಹೊಡೆಯತೊಡಗಿದ. ಗಿಡಗಳೆಲ್ಲ ಬೇರು ಮೇಲಾಗಿ ಬಿದ್ದವು.

ಗೌಡರ ಕೈ ಮೀಸೆಯಲ್ಲೇ ನಿಂತಿತು. “ಲೇ, ಪೈರನ್ನೇ ಕೀಳ್ತಿದ್ದೀಯಲ್ಲೋ.”

“ಪೈರಲ್ಲ ಬುದ್ಧಿ, ಕಳೆ. ಮೊದಲು ಹುಟ್ಟೋದು ಯಾವತ್ತೂ ಅದೇ. ಈಗಲೇ ಹುಟ್ಟಿಸಿ ಕಿತ್ತರೆ ಆಮೇಲೆ ರಾಗಿಗೆ ಅದರ ಕಾಟ ಕಮ್ಮಿ.”

ಬೀಗರು ಸುಮ್ಮನೆ ಕೆಮ್ಮಿದರು. ಗೌಡರು ದನಿ ತಗ್ಗಿಸಿದರು. “ಹಾಗಾದ್ರೆ ನಮ್ಮ ರಾಗಿ ಎಲ್ಲೋ?”

“ಸ್ವಲ್ಪ ಏಳಿ ಬುದ್ಧಿ,” ಅಂದ ಜವರ. “ನೀವು ಕೂತಿರೋ ಮೂಟೆ ಬಿಚ್ಚಬೇಕು.”