ಅರ್ಧ ಸಾಲಿನ ಗುರು

ತಾಲ್ಲೂಕು ಗ್ರಂಥಾಲಯದ ಕಪಾಟಿನಲ್ಲಿ ಶಿಕ್ಷಣ ಚಿಂತಕರೊಬ್ಬರ ಹಳೆಯ ಪುಸ್ತಕವಿತ್ತು. ಚುನಾವಣೆ ಹತ್ತಿರ ಬಂದಾಗ ಎರಡು ಪಕ್ಷಗಳ ಎರಡು ಮೊಬೈಲುಗಳು ಗುಂಯ್‌ಗುಡುತ್ತ ಅದರ ಮುಂದೆ ಬಂದು ನಿಂತವು. ಎರಡಕ್ಕೂ ಬೇಕಾಗಿದ್ದದ್ದು ಒಂದೇ ಪುಟದ ಒಂದೇ ಸಾಲು: “ಮಗುವಿಗೆ ಶಿಸ್ತು ಬೇಕು, ಆದರೆ ಹೆದರಿಸಿ ಕಲಿಸಿದ್ದು ಶಿಸ್ತಲ್ಲ.”

ಮೊದಲನೆಯ ಮೊಬೈಲು ಸಾಲಿನ ಮೊದಲರ್ಧದ ಫೋಟೊ ತೆಗೆದು, “ಈ ಗುರುಗಳು ನಮ್ಮವರು” ಎಂದು ತನ್ನ ಗ್ರೂಪಿಗೆ ಹಾಕಿತು. ಎರಡನೆಯದು ಉಳಿದರ್ಧವನ್ನು ತೆಗೆದು, “ಯಾವತ್ತಿಗೂ ನಮ್ಮವರೇ” ಎಂದು ತನ್ನ ಗ್ರೂಪಿಗೆ ಹಾಕಿತು.

“ಇಡೀ ಸಾಲನ್ನಾದರೂ ಓದಿ ಸ್ವಾಮಿ” ಎಂದು ಪುಸ್ತಕ ಚಡಪಡಿಸಿತು.

“ಓದುತ್ತಾ ಕೂತರೆ ಆ ಪಕ್ಷದವರು ಮುಂದೆ ಹೋಗಿಬಿಡುತ್ತಾರೆ” ಎಂದು ಎರಡೂ ಒಂದೇ ಮಾತು ಹೇಳಿ ಓಡಿದವು.

ಆಗ ಪುಸ್ತಕದ ಬೆನ್ನಿನೊಳಗೆ ಏನೋ ಹರಿದಾಡಿತು. ನೋಡಿದರೆ ಗೆದ್ದಲು.

“ನೀನೂ ಬಂದೆಯಾ? ನಿನ್ನದು ಯಾವ ಪಕ್ಷ?” ಎಂದು ಪುಸ್ತಕ ಕೇಳಿತು.

“ಪಕ್ಷಗಿಕ್ಷ ನನಗೆ ಗೊತ್ತಿಲ್ಲ” ಎಂದಿತು ಗೆದ್ದಲು. “ಮುನ್ನುಡಿಯಿಂದ ಶುರು ಮಾಡಿದ್ದೇನೆ. ಇಲ್ಲಿಯತನಕ ಒಂದಕ್ಷರವನ್ನೂ ಬಿಟ್ಟಿಲ್ಲ.”

ಪುಸ್ತಕ ತಾನಾಗಿಯೇ ಮುಂದಿನ ಪುಟವನ್ನು ಬಿಚ್ಚಿಕೊಟ್ಟಿತು.