ಹನ್ನೆರಡು ಪದಗಳ ಕರಣಿಕ

ಶಿಷ್ಯನು ಕೇಳಿದನು: “ಗುರುಗಳೇ, ನೀವು ಕೊಟ್ಟ ಪದಗಳನ್ನು ಗ್ರಂಥಗಳಲ್ಲಿ ಹುಡುಕಲು ನನಗೆ ಮೊದಲು ಒಂದು ತಿಂಗಳು ಹಿಡಿಯುತ್ತಿತ್ತು. ಈಗ ಮೂರು ದಿನ ಸಾಕು. ಇನ್ನೂ ಬೇಗ ಹುಡುಕುವ ದಾರಿ ಇದೆಯೇ?”

ಗುರುಗಳು ಹೇಳಿದರು:

ಇದೆ. ಒಬ್ಬ ಕರಣಿಕನು ಅದನ್ನು ಕಂಡುಕೊಂಡಿದ್ದನು. ಪ್ರಜೆಗಳು ಅರಮನೆಗೆ ಕಳಿಸುವ ಅರಿಕೆಯ ಓಲೆಗಳನ್ನು ನೋಡುವುದು ಅವನ ಕೆಲಸ. ಮಂತ್ರಿಯು ಅವನಿಗೆ ಹನ್ನೆರಡು ಪದಗಳ ಪಟ್ಟಿ ಕೊಟ್ಟಿದ್ದನು. ಬರ, ಬೆಂಕಿ, ಕೊಲೆ, ದಂಗೆ, ಹೀಗೆ. ಇವುಗಳಲ್ಲಿ ಒಂದಾದರೂ ಇರುವ ಓಲೆ ಅಂದೇ ಅರಸನ ಕೈಸೇರಬೇಕು. ಉಳಿದವನ್ನು ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಬೇಕು.

ಕರಣಿಕನು ಒಂದೊಂದು ಪದಕ್ಕೂ ಓಲೆಯನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದನು. ಹನ್ನೆರಡು ಸಲ ಓದುವಷ್ಟರಲ್ಲಿ ಬರೆದವರ ಸಂಕಟ ಅವನಿಗೆ ಬಾಯಿಪಾಠವಾಗುತ್ತಿತ್ತು. ಕೆಲವೊಮ್ಮೆ ಪಟ್ಟಿಯ ಪದವಿಲ್ಲದ ಓಲೆಯನ್ನೂ ಮಂತ್ರಿಯ ಮುಂದಿಡುತ್ತಿದ್ದನು. ಆದರೆ ನೋಡದ ಓಲೆಗಳು ರಾಶಿ ಬಿದ್ದವು.

ಮಂತ್ರಿಯು ಸಭೆಯಲ್ಲೇ ಗದರಿದನು: “ಓದು ಎಂದು ನಿನಗೆ ಯಾರು ಹೇಳಿದರು? ಹುಡುಕು, ಸಾಕು.”

ಆ ಮಾತು ಅವನನ್ನು ಚುಚ್ಚಿತು. ಹನ್ನೆರಡೂ ಪದಗಳನ್ನು ಮೊದಲ ಅಕ್ಷರದ ಪ್ರಕಾರ ಮನಸ್ಸಿನಲ್ಲಿ ಜೋಡಿಸಿಕೊಂಡನು. ಆ ಅಕ್ಷರಗಳ ಮೇಲಷ್ಟೇ ನಿಂತು ಮಿಕ್ಕವುಗಳ ಮೇಲೆ ಜಾರುವಂತೆ ಕಣ್ಣನ್ನು ಪಳಗಿಸಿದನು. ಒಂದು ಓಲೆಗೆ ಒಂದೇ ನೋಟ ಸಾಕಾಯಿತು. ವರ್ಷದ ರಾಶಿ ಒಂಬತ್ತು ದಿನಗಳಲ್ಲಿ ಕರಗಿತು. ಅರಸನು ಶಾಲು ಹೊದಿಸಿದನು.

ಮರುವರ್ಷ ಒಬ್ಬ ಅಗಸನು ಅವನನ್ನು ಹುಡುಕಿಕೊಂಡು ಬಂದನು. “ನಾನು ನಿಮ್ಮ ಅಕ್ಕನ ಊರಿನವನು, ಸ್ವಾಮಿ. ಊರಿನಲ್ಲಿ ಉಳಿದವನು ನಾನೊಬ್ಬನೇ. ಅಕ್ಕನವರು ಓಲೆ ಬರೆಸಿದ್ದರಲ್ಲ, ತಲುಪಲಿಲ್ಲವೇ?”

ಕರಣಿಕನು ಅಟ್ಟ ಹತ್ತಿ ಕಟ್ಟುಗಳನ್ನು ಬಿಚ್ಚಿದನು. ಯಾವ ಪದವನ್ನು ಹುಡುಕಬೇಕೆಂದು ತಿಳಿಯದೆ ಒಂದೊಂದೇ ಓಲೆಯನ್ನು ಓದಿದನು. ಎರಡನೆಯ ದಿನ ಸಿಕ್ಕಿತು.

“ತಮ್ಮಾ, ಹೊಳೆಯ ನೀರಿಗೆ ದನಗಳು ಬಾಯಿ ಹಾಕುತ್ತಿಲ್ಲ. ನಮಗೆ ಬೇರೆ ನೀರಿಲ್ಲ. ಮಲಗಿದ ಮಕ್ಕಳು ಏಳುತ್ತಿಲ್ಲ. ದೊರೆಗೆ ಹೇಳಿ ಯಾರನ್ನಾದರೂ ಕಳಿಸು.”

ಓಲೆಯ ಅಂಚಿನಲ್ಲಿ, ನೋಡಿಯಾಯಿತು ಎಂಬುದಕ್ಕೆ ಅವನೇ ಹಾಕಿದ ಗುರುತು ಇತ್ತು.

ಅವನು ಅದನ್ನು ಎದೆಗೊತ್ತಿಕೊಂಡು ಮಂತ್ರಿಯ ಬಳಿಗೆ ಹೋದನು. ಮಂತ್ರಿಯು ಓದಿದನು. ಪಟ್ಟಿಯ ಕೊನೆಯಲ್ಲಿ ‘ನೀರು’ ಎಂದು ಬರೆದು ಓಲೆಯನ್ನು ಹಿಂದಿರುಗಿಸಿದನು.

ಶಿಷ್ಯನು ತಡೆಯಲಾರದೆ ಕೇಳಿದನು: “ಕರಣಿಕನಿಗೆ ಶಿಕ್ಷೆಯಾಯಿತೇ?”

“ಯಾವ ತಪ್ಪಿಗೆ? ಅವನು ಪಟ್ಟಿಯ ಒಂದು ಪದವನ್ನೂ ಬಿಟ್ಟಿರಲಿಲ್ಲವಲ್ಲ.”