ಹಾಲಪ್ಪನವರ ಸಾವಿರ ಪ್ರತಿ

ನಿವೃತ್ತ ಪ್ರಿನ್ಸಿಪಾಲ್ ಹಾಲಪ್ಪನವರು ಆನ್‌ಲೈನ್ ಪುಸ್ತಕದಂಗಡಿಯ ಗೋದಾಮಿಗೇ ಬಂದುಬಿಟ್ಟರು. "ನನ್ನ ಆತ್ಮಕಥೆಯ ಸಾವಿರ ಪ್ರತಿ ಎಲ್ಲಮ್ಮ? ಕಪಾಟಿನಲ್ಲಿ ನಾಲ್ಕೇ ಇವೆ. ಅಂಗಡಿ ಯಜಮಾನರಿಗೆ ಹೇಳಿ ನಿನ್ನ ಕೆಲಸ ಬಿಡಿಸ್ತೀನಿ."

ಗುಮಾಸ್ತೆ ಸರ್ವಮಂಗಳಳಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚು. ಇವರು ತಮ್ಮ ಪುಸ್ತಕ ಓದಿದ್ದಾರೋ ಇಲ್ಲವೋ? "ನಾಲ್ಕು ಪ್ರತಿ ಮಾತ್ರ ಮೊದಲೇ ಅಚ್ಚು ಹಾಕಿಸಿ ಇಟ್ಟಿರ್ತೀವಿ ಸಾರ್. ಅವು ಮುಗಿದ ಮೇಲೆ ಆರ್ಡರ್ ಬಂದ ಹಾಗೆ ಒಂದೊಂದೇ ಅಚ್ಚಾಗುತ್ತೆ."

"ಅದೇನು ದೋಸೆಯೇನಮ್ಮ, ಕೇಳಿದಾಗ ಹುಯ್ದು ಕೊಡೋಕೆ?"

ಅವಳು ಕೃತಜ್ಞತೆಯ ಪುಟ ತೆರೆದು ಕೈಗಿಟ್ಟಳು. "ಇದರಲ್ಲಿ ಮೇಡಂ ಹೆಸರು ಎಲ್ಲಿದೆ ಸಾರ್? ನಾನು ಮೂರು ಸಲ ಹುಡುಕಿದೆ."

ಹಾಲಪ್ಪನವರೂ ಹುಡುಕಿದರು. ಜಿಲ್ಲಾಧಿಕಾರಿ ಇದ್ದರು, ಕಾರಿನ ಡ್ರೈವರ್ ಇದ್ದ, ಹೆಂಡತಿ ಇರಲಿಲ್ಲ. ಪುಸ್ತಕವನ್ನು ತಟ್ಟನೆ ಮುಚ್ಚಿದರು. "ಎಷ್ಟು ಪ್ರತಿ ತಿದ್ದಬೇಕು?"

"ನಾಲ್ಕೇ ಸಾರ್. ಉಳಿದವು ಇನ್ನೂ ಅಚ್ಚಾಗಿಲ್ಲ."

ಅವರು ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. "ಈ ನಾಲ್ಕನ್ನಾದರೂ ಯಾಕೆ ಅಚ್ಚು ಹಾಕಿಸಿದೆಯಮ್ಮ?"